ಮಂಡಿನೋವಿಗೆ ಕಾಂಡಕೋಶ ಚಿಕಿತ್ಸೆ: ವಿಶ್ವಾಸಿಗಳು ಕೇಳಬೇಕಾದ ಎರಡು ಪ್ರಶ್ನೆಗಳು



ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವಾಗ ಬೆಂಚನ್ನು ಹಿಡಿದು ಕುಳಿತೇ ಇರುವ ಹಿರಿಯರನ್ನು ಪ್ರತಿ ಧರ್ಮಕೇಂದ್ರದಲ್ಲೂ ಕಾಣುತ್ತೇವೆ. ಇಂಥವರ ಮನೆಗಳಿಗೆ ಈಗ ಹೊಸದೊಂದು ಭರವಸೆಯ ಮಾತು ತಲುಪುತ್ತಿದೆ: "ಆಪರೇಷನ್ ಬೇಡ, ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿ, ಸವೆದ ಮಂಡಿ ಮತ್ತೆ ಬೆಳೆಯುತ್ತದೆ." ಸ್ಟೆಮ್ ಸೆಲ್ ಎಂದರೆ ಕಾಂಡಕೋಶ. ಈ ಚಿಕಿತ್ಸೆಯನ್ನು ಕಥೋಲಿಕರು ಪಡೆಯಬಹುದೇ? ಪಡೆಯುವುದು ವಿವೇಕವೇ? ಇವು ಬೇರೆ ಬೇರೆ ಪ್ರಶ್ನೆಗಳು. ಎರಡಕ್ಕೂ ಉತ್ತರ ಬೇಕು.

ಮಂಡಿ ಸವೆಯುವುದು ಎಂದರೇನು?

ಮಂಡಿಯ ಕೀಲಿನಲ್ಲಿ ಮೂಳೆಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು ಮುಂತಾದ ಕಾರಣಗಳಿಂದ ಅದು ತೆಳ್ಳಗಾದಾಗ ನೋವು, ಊತ, ಬಿಗಿತ ಕಾಣಿಸಿಕೊಳ್ಳುತ್ತವೆ. ಇದೇ ಆಸ್ಟಿಯೋಆರ್ಥ್ರೈಟಿಸ್. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ಚರ್ಮದ ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಬೇರೆ ಬೇರೆ ಅಂಗಾಂಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳನ್ನು ಕೀಲಿಗೆ ಚುಚ್ಚಿದರೆ ನೋವು ಇಳಿದು, ಮೃದ್ವಸ್ಥಿ ಸುಧಾರಿಸೀತು ಎಂಬುದು ಈ ಚಿಕಿತ್ಸೆಯ ಹಿಂದಿರುವ ಆಶಯ.

ಮೊದಲ ಪ್ರಶ್ನೆ: ಕೋಶಗಳು ಎಲ್ಲಿಂದ ಬಂದವು?

2008ರಲ್ಲಿ ವಿಶ್ವಾಸ ಸಿದ್ಧಾಂತದ ಪವಿತ್ರ ಆಯೋಗವು ಪ್ರಕಟಿಸಿದ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನಾಪತ್ರ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ. ಬೆಳೆದ ಮನುಷ್ಯನ ದೇಹದಿಂದ ಅವನಿಗೆ ಗಂಭೀರ ಹಾನಿಯಾಗದಂತೆ ತೆಗೆದ ಕೋಶಗಳನ್ನೂ, ಹೆರಿಗೆಯ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ಪಡೆದ ಕೋಶಗಳನ್ನೂ ಬಳಸಬಹುದು. ಜೀವಂತ ಭ್ರೂಣವನ್ನು ನಾಶಮಾಡಿ ಕೋಶ ತೆಗೆಯುವುದು ಘೋರ ತಪ್ಪು. ಒಬ್ಬರ ಮಂಡಿ ವಾಸಿಯಾಗಲು ಇನ್ನೊಂದು ಜೀವ ಬಲಿಯಾಗಬಾರದು. ಸಂತ ಎರಡನೆಯ ಜಾನ್ ಪಾಲರು 2000ದ ಆಗಸ್ಟ್‌ನಲ್ಲಿ ಅಂಗಾಂಗ ಕಸಿ ತಜ್ಞರ ಮುಂದೆ ಮಾತನಾಡುತ್ತಾ ವಿಜ್ಞಾನಿಗಳಿಗೆ ತೋರಿಸಿದ ದಾರಿಯೂ ಇದೇ.

ಮಂಡಿಗೆ ಸಾಮಾನ್ಯವಾಗಿ ಬಳಸುವುದು ರೋಗಿಯ ಅಥವಾ ದಾನಿಯ ಅಸ್ಥಿಮಜ್ಜೆಯ, ಕೊಬ್ಬಿನ ಇಲ್ಲವೇ ಹೊಕ್ಕುಳಬಳ್ಳಿಯ ಕೋಶಗಳನ್ನು. ಆದ್ದರಿಂದ 'ಸ್ಟೆಮ್ ಸೆಲ್' ಎಂಬ ಹೆಸರು ಕೇಳಿದೊಡನೆ ಪಾಪವೆಂದು ಹೆದರಬೇಕಾಗಿಲ್ಲ. ಆದರೂ ವೈದ್ಯರನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯ.

ಎರಡನೆಯ ಪ್ರಶ್ನೆ: ನಿಜವಾಗಿ ಉಪಯೋಗವಿದೆಯೇ?

ಕೋಶಗಳ ಮೂಲ ಶುದ್ಧವಾಗಿದ್ದ ಮಾತ್ರಕ್ಕೆ ಚಿಕಿತ್ಸೆ ಫಲಕಾರಿಯಾಗುವುದಿಲ್ಲ. ಅಮೆರಿಕದಲ್ಲಿ 475 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಸಾಧಾರಣ ಸ್ಟೆರಾಯ್ಡ್ ಇಂಜೆಕ್ಷನ್‌ನೊಡನೆ ಹೋಲಿಸಲಾಯಿತು. ಒಂದು ವರ್ಷದ ಬಳಿಕ ಯಾವುದೂ ಅದಕ್ಕಿಂತ ಮೇಲೆನಿಸಲಿಲ್ಲ. 2025ರಲ್ಲಿ ಕೊಕ್ರೇನ್ ಸಂಸ್ಥೆ 25 ಪ್ರಯೋಗಗಳನ್ನು ಪರಿಶೀಲಿಸಿ, ನೋವು ಸ್ವಲ್ಪ ಕಡಿಮೆಯಾಗಬಹುದು, ಆದರೆ ಪುರಾವೆ ದುರ್ಬಲ ಎಂದಿತು. ಸವೆದ ಮಂಡಿ ಹೊಸದಾಗಿ ಬೆಳೆಯುತ್ತದೆ ಎಂಬ ಮಾತಿಗೆ ಖಚಿತ ಆಧಾರವಿಲ್ಲ.

ನಮ್ಮ ದೇಶದ 2017ರ ರಾಷ್ಟ್ರೀಯ ಮಾರ್ಗಸೂಚಿಯು ಕೆಲವು ರಕ್ತಸಂಬಂಧಿ ಕಾಯಿಲೆಗಳ ಹೊರತು ಉಳಿದ ಬಳಕೆಯನ್ನು ಪ್ರಯೋಗವೆಂದೇ ಪರಿಗಣಿಸಿತು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ಪಡೆಯಕೂಡದು ಎಂದಿತು. 2022ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ತಯಾರಿಸಿದ ಔಷಧವೊಂದಕ್ಕೆ ಮಂಡಿ ಸವೆತದ ನಡುವಣ ಹಂತಗಳಲ್ಲಿ ಬಳಸಲು ಅನುಮತಿ ದೊರೆಯಿತು. ಈ ಅನುಮತಿ ಆ ಒಂದು ಔಷಧಕ್ಕೆ ಮಾತ್ರ. 'ಸ್ಟೆಮ್ ಸೆಲ್' ಎಂದು ಬೋರ್ಡು ಹಾಕಿಕೊಂಡವರಿಗೆಲ್ಲ ಅಲ್ಲ.

ವಿವೇಕವೂ ಪುಣ್ಯಗುಣವೇ

ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ರಕ್ತಸ್ರಾವದ ಸ್ತ್ರೀಯನ್ನು ಕಾಣುತ್ತೇವೆ. ಅನೇಕ ವೈದ್ಯರ ಬಳಿಗೆ ಅಲೆದು, ಇದ್ದುದೆಲ್ಲವನ್ನೂ ಖರ್ಚುಮಾಡಿ, ಅವಳ ಸ್ಥಿತಿ ಇನ್ನೂ ಹದಗೆಟ್ಟಿತ್ತು. ಅವಳ ಸಂಕಟ ಇಂದಿಗೂ ಹೊಸದೇ. ತಾಯಿಯ ನೋವು ನೋಡಲಾರದೆ ಒಡವೆ ಅಡವಿಟ್ಟು ಇಂಜೆಕ್ಷನ್ ಕೊಡಿಸುವ ಮಕ್ಕಳು ನಾಲ್ಕನೆಯ ದೇವಾಜ್ಞೆಯನ್ನು ಪಾಲಿಸುವ ಮನಸ್ಸುಳ್ಳವರೇ. ಆದರೆ ಆ ಪ್ರೀತಿಗೆ ವಿವೇಕದ ಜೊತೆಯಿರಬೇಕು. ವೈದ್ಯನನ್ನು ಗೌರವಿಸಿರೆಂದು ಸಿರಾಖನ ಗ್ರಂಥ ಕಲಿಸುತ್ತದೆ. ಭರವಸೆ ಮಾರುವವರನ್ನೆಲ್ಲ ನಂಬಿರೆಂದಲ್ಲ.

ಹಣ ಕಟ್ಟುವ ಮುನ್ನ ಕೇಳಿ: ಕೋಶಗಳ ಮೂಲ ಯಾವುದು? ಈ ಕಾಯಿಲೆಗೆ ಸರ್ಕಾರದ ಅನುಮತಿಯಿದೆಯೇ? ಇದು ಪ್ರಯೋಗವಾದರೆ ಶುಲ್ಕವೇಕೆ? ನನ್ನ ಮಂಡಿ ಯಾವ ಹಂತದಲ್ಲಿದೆ? ಸಂಬಂಧವಿಲ್ಲದ ಇನ್ನೊಬ್ಬ ಮೂಳೆತಜ್ಞರ ಅಭಿಪ್ರಾಯವನ್ನೂ ಪಡೆಯಿರಿ.

ಕಡಿಮೆ ಖರ್ಚಿನ ದಾರಿಗಳನ್ನು ಕಡೆಗಣಿಸಬೇಡಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಕೈಯಲ್ಲೊಂದು ಊರುಗೋಲು ನೆರವಾಗುತ್ತವೆ. ತೀರಾ ಸವೆದಿದ್ದರೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಿದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿತು.

ಹಿರಿಯರಿಗೊಂದು ಮಾತು. ಮೊಣಕಾಲೂರಲಾಗದೆಂದು ನಾಚಬೇಡಿ. ಅನಾರೋಗ್ಯದಿಂದ ಅಥವಾ ವಯಸ್ಸಿನಿಂದ ಆಗದವರಿಗೆ ಪೂಜಾವಿಧಿಯ ನಿಯಮವೇ ವಿನಾಯಿತಿ ಕೊಟ್ಟಿದೆ; ಗುರುಗಳು ಮಂಡಿಯೂರಿ ವಂದಿಸುವಾಗ ಆಳವಾಗಿ ಬಾಗಿ ವಂದಿಸಿದರೆ ಸಾಕು. ಆ ವಂದನೆಯೂ ಪ್ರಭುವಿಗೆ ಸಲ್ಲುತ್ತದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಹಿರಿಯರ ನೋವನ್ನು ನಾವು ಕುಳಿತು ಕೇಳಿದ್ದೇವೆಯೇ?
2. ಚಿಕಿತ್ಸೆಯ ನಿರ್ಧಾರದಲ್ಲಿ ಅವರ ಮಾತಿಗೆ ಸ್ಥಾನವಿದೆಯೇ?
3. ಅವರನ್ನು ದೇವಾಲಯಕ್ಕೆ ಕರೆತರಲು ಈ ವಾರ ಯಾರು ಜೊತೆಯಾಗುತ್ತೀರಿ?