ಮಗುವಿನ ಕಾರ್ಡು ಓದೋಣ

ನಮ್ಮೂರು ಬಿಂಡಿಗನವಿಲೆ. ನಾಗಮಂಗಲ ತಾಲ್ಲೂಕಿನ ಹೋಬಳಿ ಊರು. ಇಲ್ಲಿನ ಗರುಡ ದೇವರು ಅಂದರೆ ಸುತ್ತಿನವರಿಗೆಲ್ಲ ಗೊತ್ತು. ನಾವು ಇಲ್ಲಿನ ಹೆಣ್ಣುಮಕ್ಕಳು. ಹಗಲೆಲ್ಲ ಹೊಲ, ಹಸು, ಮನೆಗೆಲಸ. ರಾತ್ರಿ ಅಡುಗೆ ಆದ ಮೇಲೆ ಕಲಿಕೆ ಕೇಂದ್ರಕ್ಕೆ ಬರುತ್ತೇವೆ. ಈಗ ನಮಗೆ ಓದಲು ಬರುತ್ತದೆ. ನಿಧಾನ, ಆದರೂ ಬರುತ್ತದೆ.

ಸಂಕ್ರಾಂತಿ ಮುಗಿದ ವಾರ. ನಮ್ಮ ಗುಂಪಿನ ಅಕ್ಕ ಒಬ್ಬರು ಒಂದು ಕಾರ್ಡು ತಂದರು. ಅದು ಮಗಳ ಶಾಲೆಯ ಪ್ರಗತಿ ಪತ್ರ. ಮಗಳು ಐದನೇ ತರಗತಿ.

“ಇದಕ್ಕೆ ಹೆಬ್ಬೆಟ್ಟು ಒತ್ತಿ ಕಳಿಸಬೇಕಂತೆ. ಗಣಿತದಲ್ಲಿ ಸಿ ಬಂದದೆ. ಅವಳ ತಲೆಗೆ ಹತ್ತಕಿಲ್ಲ ಕಣವ್ವ. ಸ್ಕೂಲು ಬಿಡಿಸಿಬಿಡಾನ ಅಂತಿದ್ದೀನಿ” ಅಂದರು.

“ಬಿಡಿಸೋದು ಆಮೇಲೆ. ಮೊದಲು ಕಾರ್ಡಲ್ಲಿ ಏನದೆ ನೋಡಾನ ತಡಿ ಅಕ್ಕ” ಅಂದೆವು.

ಎಲ್ಲರೂ ಸುತ್ತ ಕೂತೆವು. ಒಬ್ಬೊಬ್ಬರು ಒಂದೊಂದು ಸಾಲು ಓದಿದೆವು.

ಹಾಜರಿಯ ಸಾಲು

ಮೊದಲು ಮಗುವಿನ ಹೆಸರು. ಆಮೇಲೆ ತಾಯಿಯ ಹೆಸರು. ಅಕ್ಕ ತಮ್ಮ ಹೆಸರನ್ನು ತಾವೇ ಓದಿದರು. ಮುಖ ಅರಳಿತು.

ಕೆಳಗೆ ಹಾಜರಿ ಎಂದು ಬರೆದಿತ್ತು. ಡಿಸೆಂಬರ್ ತಿಂಗಳಲ್ಲಿ ಶಾಲೆ ನಡೆದದ್ದು 24 ದಿನ. ಮಗಳು ಹೋದದ್ದು 11 ದಿನ.

ನಾವು ಕಳೆಯುವ ಲೆಕ್ಕ ಮಾಡಿದೆವು. 24ರಲ್ಲಿ 11 ಕಳೆದರೆ 13. ಹದಿಮೂರು ದಿನ ಮಗಳು ಶಾಲೆಗೆ ಹೋಗಿಲ್ಲ.

ಅಕ್ಕ ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು: “ರಾಗಿ ಕೊಯ್ಲು ಇತ್ತು. ಕೂಸು ನೋಡ್ಕಳಕ್ಕೆ ಯಾರೂ ಇರ್ನಿಲ್ಲ. ನಾನೇ ನಿಲ್ಸಿದ್ದೆ.”

ಯಾರೂ ಅವರನ್ನು ಬಯ್ಯಲಿಲ್ಲ. ನಮ್ಮೆಲ್ಲರ ಮನೆಯಲ್ಲೂ ಹಾಗೇ ಆಗಿದೆ.

ಅಕ್ಷರದ ಅರ್ಥ

ಮಾರನೆ ದಿನ ನಾವು ಮೂವರು ಅಕ್ಕನ ಜೊತೆ ಶಾಲೆಗೆ ಹೋದೆವು. ಟೀಚರಮ್ಮ ಕೂರಿಸಿ ಮಾತಾಡಿಸಿದರು. ಕಾರ್ಡಿನಲ್ಲಿ ಬರೆಯುವ ಅಕ್ಷರಗಳ ಅರ್ಥ ಹೇಳಿದರು. ನೂರಕ್ಕೆ ಎಷ್ಟು ಅಂಕ ಬಂತು ಎಂದು ನೋಡಿ ಅಕ್ಷರ ಕೊಡುತ್ತಾರೆ.

ಎ+ ಅಂದರೆ 90ರಿಂದ 100.
ಎ ಅಂದರೆ 70ರಿಂದ 89.
ಬಿ+ ಅಂದರೆ 50ರಿಂದ 69.
ಬಿ ಅಂದರೆ 30ರಿಂದ 49.
ಸಿ ಅಂದರೆ 30ಕ್ಕಿಂತ ಕಡಿಮೆ.

ನಿಮ್ಮ ಮಗುವಿನ ಕಾರ್ಡಿನಲ್ಲಿ ಅಚ್ಚಾದ ಪಟ್ಟಿಯನ್ನೂ ನೋಡಿ.

ಈ ಅಕ್ಷರ ಒಂದೇ ದಿನದ ಪರೀಕ್ಷೆಯಿಂದ ಬರುವುದಲ್ಲ. ವರ್ಷವೆಲ್ಲ ಮಗುವನ್ನು ಗಮನಿಸುತ್ತಾರೆ. ಬರೆದದ್ದು, ಓದಿದ್ದು, ಕೈಯಾರೆ ಮಾಡಿದ್ದು, ಕೇಳಿದ್ದಕ್ಕೆ ಹೇಳಿದ್ದು, ಎಲ್ಲವನ್ನೂ ನೋಡುತ್ತಾರೆ. ಇದಕ್ಕೆ ನಿರಂತರ ಮೌಲ್ಯಮಾಪನ ಎನ್ನುತ್ತಾರೆ.

“ಸಿ ಬಂದರೆ ಮಗು ದಡ್ಡಿ ಅಂತ ಅಲ್ಲಮ್ಮ. ಈ ಪಾಠ ಇನ್ನೂ ಬಂದಿಲ್ಲ, ಮತ್ತೆ ಹೇಳಿಕೊಡಬೇಕು ಅಂತ ಅರ್ಥ” ಎಂದರು ಟೀಚರಮ್ಮ.

“ಯಾವ ಪಾಠ ಬಂದಿಲ್ಲ?” ಎಂದು ಅಕ್ಕ ಕೇಳಿದರು.

“ಭಿನ್ನರಾಶಿ. ಅರ್ಧ, ಕಾಲು, ಮುಕ್ಕಾಲು. ಡಿಸೆಂಬರ್‌ನಲ್ಲಿ ಮಾಡಿದ ಪಾಠ.”

ಅಕ್ಕನಿಗೆ ನಗು ಬಂತು. “ಅಯ್ಯೋ, ಅಷ್ಟೇಯಾ? ಒಂದು ಸೇರಿಗೆ ನಾಕು ಪಾವು. ಪಾವು ಅಂದರೆ ಕಾಲು. ಅಚ್ಚೇರು ಅಂದರೆ ಅರ್ಧ. ರಾಗಿ ಅಳೆದು ನಾನೇ ಹೇಳ್ಕೊಡ್ತೀನಿ.”

“ಹಾಗೇ ಮಾಡಿ. ಬರೆಯೋದನ್ನ ನಾನು ಹೇಳಿಕೊಡುತ್ತೇನೆ” ಎಂದರು ಟೀಚರಮ್ಮ.

ಮಕ್ಕಳಿಗೆ ನಿಯಮ

ತರಗತಿಯ ಗೋಡೆಯಲ್ಲಿ ಒಂದು ಪಟ್ಟಿ ಇತ್ತು. ನಾವು ನಿಂತು ಓದಿದೆವು.

ಗಂಟೆ ಹೊಡೆಯುವ ಮೊದಲು ಬರಬೇಕು.
ಬರದಿದ್ದರೆ ಕಾರಣ ತಿಳಿಸಬೇಕು.
ಮನೆಗೆಲಸ ಎಂದು ಕೊಟ್ಟ ಬರಹ ಬರೆಯಬೇಕು.
ಊಟಕ್ಕೆ ಮೊದಲು ಕೈ ತೊಳೆಯಬೇಕು.
ಯಾರನ್ನೂ ಹಂಗಿಸಬಾರದು. ಜಾತಿ ಹೆಸರು ಎತ್ತಬಾರದು.
ಗೊತ್ತಾಗದಿದ್ದರೆ ಕೈ ಎತ್ತಿ ಕೇಳಬೇಕು.

ಕೊನೆಯ ಸಾಲು ನಮಗೆ ಹಿಡಿಸಿತು. ಕೇಳುವುದು ತಪ್ಪಲ್ಲ. ಕೇಳಬೇಕು ಎಂಬುದೇ ನಿಯಮ.

ಮೇಷ್ಟರಿಗೂ ನಿಯಮ

ನಿಯಮ ಮಕ್ಕಳಿಗೆ ಮಾತ್ರ ಅಲ್ಲ. ಮೇಷ್ಟರಿಗೂ ಇದೆ. 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತವಾಗಿ ಶಿಕ್ಷಣ ಕೊಡಬೇಕು ಎನ್ನುತ್ತದೆ ಈ ಕಾಯಿದೆ. ಅದರ ಪ್ರಕಾರ:

ಮೇಷ್ಟರು ದಿನವೂ ಹೊತ್ತಿಗೆ ಸರಿಯಾಗಿ ಬರಬೇಕು. ಪಾಠ ಪೂರ್ತಿ ಮಾಡಬೇಕು. ಹಿಂದೆ ಬಿದ್ದ ಮಗುವಿಗೆ ಬೇರೆಯಾಗಿ ಹೇಳಿಕೊಡಬೇಕು.

ತಂದೆ ತಾಯಿಯನ್ನು ಕರೆದು ಮಗುವಿನ ಹಾಜರಿ, ಕಲಿಕೆ ತಿಳಿಸಬೇಕು.

ದುಡ್ಡು ತೆಗೆದುಕೊಂಡು ಮನೆಪಾಠ ಹೇಳಬಾರದು.

ಮಗುವನ್ನು ಹೊಡೆಯಬಾರದು. ಮನಸ್ಸು ನೋಯುವ ಹಾಗೆ ಬಯ್ಯಬಾರದು.

ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ ಪಾಠ ನಡೆಯಬೇಕು. ಆರರಿಂದ ಎಂಟಕ್ಕೆ 220 ದಿನ.

ಹೊಡೆಯುವ ವಿಷಯದಲ್ಲಿ ನಮ್ಮದೂ ತಪ್ಪಿದೆ. “ನಾಕು ಬಿಗೀರಿ ಮೇಷ್ಟ್ರೇ, ಬುದ್ಧಿ ಬರಲಿ” ಎಂದು ಹೇಳುತ್ತಿದ್ದವರು ನಾವೇ. ಏಟಿಗೆ ಹೆದರಿದ ಮಗು ಕೈ ಎತ್ತಿ ಕೇಳುವುದಿಲ್ಲ. ಕೇಳದ ಮಗು ಕಲಿಯುವುದಿಲ್ಲ. ಇನ್ನು ನಾವು ಹಾಗೆ ಹೇಳುವುದಿಲ್ಲ.

ಎಲ್ಲಾದರೂ ಮಗುವಿಗೆ ಏಟು ಬಿದ್ದರೆ ಸುಮ್ಮನಿರಬಾರದು. ಮೊದಲು ಹೆಡ್ ಮಾಸ್ಟರಿಗೆ ಹೇಳಬೇಕು. ಆಮೇಲೆ ಶಾಲಾ ಸಮಿತಿಗೆ. ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಬರೆಯಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬಹುದು. ಅದಕ್ಕೆ ದುಡ್ಡು ಬೇಕಿಲ್ಲ.

ಫೇಲು ಆದರೆ?

ನಮ್ಮ ಕಾಲದಲ್ಲಿ ಫೇಲು ಅಂದರೆ ಮುಗಿಯಿತು. ಗಂಡು ಹುಡುಗನಾದರೆ ಕುರಿ ಕಾಯಲು. ಹೆಣ್ಣಾದರೆ ಕೂಸು ಎತ್ತಲು.

ಈಗ ಹಾಗಿಲ್ಲ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2019ರಲ್ಲಿ ಕಾಯಿದೆಗೆ ಒಂದು ತಿದ್ದುಪಡಿ ಬಂತು. ಐದು ಮತ್ತು ಎಂಟನೇ ತರಗತಿಯಲ್ಲಿ ತಪ್ಪಿದ ಮಗುವನ್ನು ಅದೇ ತರಗತಿಯಲ್ಲಿ ಉಳಿಸಬೇಕೋ ಬೇಡವೋ ಎಂಬುದನ್ನು ರಾಜ್ಯಗಳಿಗೆ ಬಿಟ್ಟರು. ಆದರೆ ತಪ್ಪಿದ ಮಗುವಿಗೆ ಮತ್ತೆ ಪಾಠ ಹೇಳಬೇಕು. ಫಲಿತಾಂಶ ಬಂದ ಎರಡು ತಿಂಗಳೊಳಗೆ ಇನ್ನೊಂದು ಸಲ ಪರೀಕ್ಷೆ ಕೊಡಬೇಕು. ಆಗಲೂ ತಪ್ಪಿದರೂ ಹೊರಗೆ ಹಾಕುವಂತಿಲ್ಲ.

ಮಗುವನ್ನು ಶಾಲೆ ಹೊರಗೆ ಹಾಕುವಂತಿಲ್ಲ. ಹಾಗಿದ್ದ ಮೇಲೆ ನಾವು ಬಿಡಿಸಬಹುದೇ?

ನಮಗೂ ನಿಯಮ

ಆ ರಾತ್ರಿ ನಾವೂ ಕೂತು ನಮ್ಮ ನಿಯಮ ಬರೆದುಕೊಂಡೆವು.

ಕೊಯ್ಲು ಇರಲಿ, ಒಕ್ಕಣೆ ಇರಲಿ, ಮಗುವನ್ನು ಶಾಲೆ ಬಿಡಿಸಬಾರದು. ಮೂರು ವರ್ಷ ತುಂಬಿದ ಕೂಸು ಅಂಗನವಾಡಿಗೆ ಹೋಗಲಿ. ಇನ್ನೂ ಚಿಕ್ಕದಾದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳೋಣ. ಹಲವು ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದ್ದಾರೆ. ಅದೂ ಇಲ್ಲದಿದ್ದರೆ ನಾವೇ ಸರದಿ ಮೇಲೆ ನೋಡಿಕೊಳ್ಳೋಣ.

ಕಾರ್ಡು ಬಂದರೆ ಓದದೆ ರುಜು ಹಾಕಬಾರದು. ಮೊದಲು ಹಾಜರಿ ನೋಡಬೇಕು. ಆಮೇಲೆ ಅಕ್ಷರ ನೋಡಬೇಕು.

ಸಿ ಕಂಡರೆ ಮಗುವನ್ನು ಹೊಡೆಯಬಾರದು. ಯಾವ ಪಾಠ ಎಂದು ಕೇಳಬೇಕು.

ಶಾಲೆಯ ಸಭೆಗೆ ಹೋಗಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂದು ಒಂದು ಇದೆ. ಎಸ್‌ಡಿಎಂಸಿ ಎನ್ನುತ್ತಾರಲ್ಲ, ಅದೇ. ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿಯರು, ಪೋಷಕರು ಇರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಇದೂ ಕಾಯಿದೆಯ ಮಾತು. ಆ ಜಾಗ ನಮ್ಮದು. ಗಂಡಸರು ನಮ್ಮ ಬದಲು ಹೋಗಿ ಕೂರುವುದಲ್ಲ.

ಕಾರ್ಡು ಎನ್ನುವುದು ತೀರ್ಪು ಅಲ್ಲ. ಅದು ಶಾಲೆ ಮನೆಗೆ ಬರೆದ ಕಾಗದ. ಕಾಗದ ಬಂದರೆ ಓದಬೇಕು. ಓದಿ ಉತ್ತರ ಕೊಡಬೇಕು.

ಅಕ್ಕ ಉತ್ತರ ಬರೆದರು. ಒಂದು ಚೀಟಿಯಲ್ಲಿ ಎರಡೇ ಸಾಲು: “ನನ್ನ ಮಗಳು ಇನ್ನು ದಿನಾ ಬರುತ್ತಾಳೆ. ಭಿನ್ನರಾಶಿ ಇನ್ನೊಂದು ಸಲ ಹೇಳಿಕೊಡಿ.” ಬರೆಯಲು ಬಹಳ ಹೊತ್ತು ಹಿಡಿಯಿತು. ಒಂದು ಒತ್ತಕ್ಷರ ತಪ್ಪಿತ್ತು. ಹೊಡೆದು ಹಾಕಿ ಮತ್ತೆ ಬರೆದರು. ಆಮೇಲೆ ಕಾರ್ಡಿನಲ್ಲಿ ಪೋಷಕರ ರುಜು ಎಂಬ ಜಾಗದಲ್ಲಿ ತಮ್ಮ ಹೆಸರು ಬರೆದರು. ಅದರ ಮೇಲಿನ ಎರಡು ಸಾಲಿನಲ್ಲಿ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು.

ಯೋಚಿಸಿ, ಹೇಳಿ

1. ಅಕ್ಕನ ಮಗಳಿಗೆ ಗಣಿತದಲ್ಲಿ ಸಿ ಏಕೆ ಬಂತು?
2. ಮೇಷ್ಟರು ಪಾಲಿಸಬೇಕಾದ ಮೂರು ನಿಯಮ ಹೇಳಿ.
3. ನಿಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಮಗುವನ್ನು ಶಾಲೆ ಬಿಡಿಸುತ್ತೀರಿ? ಅದಕ್ಕೆ ಬೇರೆ ದಾರಿ ಏನು?

ಲೆಕ್ಕ ಮಾಡಿ

ಶಾಲೆ ನಡೆದದ್ದು 22 ದಿನ. ಮಗು ಹೋದದ್ದು 17 ದಿನ. ತಪ್ಪಿದ ದಿನ ಎಷ್ಟು?

ಮಾಡಿ ನೋಡಿ

ನಿಮ್ಮ ಮಗುವಿನ ಕಾರ್ಡು ತನ್ನಿ. ಗುಂಪಿನಲ್ಲಿ ಕೂತು ಓದಿ. ಮೇಷ್ಟರಿಗೆ ಎರಡು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.