ಬಿಸಿಲೂರಿನ ಕುಟುಂಬಕ್ಕೆ ಒಂದು ದಿನದ ಹಿಮವಿಹಾರ

ಚೆನ್ನೈ ನಗರದ ಮರೀನಾ ಕಡಲತೀರದೆದುರು, ತಿರುವಲ್ಲಿಕ್ಕೇಣಿಯ ಅಂಚಿನಲ್ಲಿ, ‘ಐಸ್ ಹೌಸ್’ ಎಂದು ಹೆಸರಾದ ಹಳೆಯ ಕಟ್ಟಡವೊಂದಿದೆ. 1842ರಲ್ಲಿ ಅದನ್ನು ಕಟ್ಟಿದ್ದು ಮಂಜುಗಡ್ಡೆಯ ದಾಸ್ತಾನಿಗಾಗಿ. ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆಯನ್ನು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಸಮುದ್ರಯಾನ ಮಾಡಿಸಿ ಮದರಾಸಿಗೆ ಕಳುಹಿಸುತ್ತಿದ್ದನು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಭವನ ಇಂದು ಅವರ ಹೆಸರಿನಲ್ಲಿಯೇ ಇದೆ.

ಅಂದು ಸಿರಿವಂತರ ಪಾನೀಯಕ್ಕಷ್ಟೇ ಸಿಕ್ಕುತ್ತಿದ್ದ ಶೈತ್ಯ ಇಂದು ಸಾಮಾನ್ಯ ಕುಟುಂಬದ ಭಾನುವಾರದ ವಿನೋದವಾಗಿದೆ. ಯಂತ್ರಗಳಿಂದ ಕೃತಕ ಹಿಮವನ್ನು ತಯಾರಿಸಿ ಮಕ್ಕಳನ್ನು ಆಡಲು ಬಿಡುವ ಹಿಮಭವನ ಹೈದರಾಬಾದಿನಲ್ಲಿ 2004ರಲ್ಲಿ ಆರಂಭವಾಯಿತು. ಅಂತಹ ಏರ್ಪಾಡು ಬೆಂಗಳೂರಿಗೂ, ಚೆನ್ನೈಯ ಪೂರ್ವ ಕರಾವಳಿ ರಸ್ತೆಗೂ ಬಂದಿತು. ಮಕ್ಕಳ ಆನಂದಕ್ಕೆ ಅಡ್ಡಿ ಹೇಳಬೇಕಾದುದಿಲ್ಲ. ಆದರೆ ಬಿಸಿಲಿಗೆ ಒಗ್ಗಿದ ದೇಹ ಚಳಿಯನ್ನು ಹೇಗೆ ಎದುರಿಸುತ್ತದೆಂಬುದನ್ನು ಅರಿತು ಹೊರಟರೆ ವಿಹಾರವು ವಿಹಾರವಾಗಿಯೇ ಉಳಿಯುತ್ತದೆ.

ದೇಹದೊಳಗಿನ ಒಲೆ

ಚೆನ್ನೈಯಲ್ಲಿ 2003ರ ಮೇ 31ರಂದು ಉಷ್ಣತೆ 45 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿತ್ತು. ಇಲ್ಲಿಯ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಸಹ ಅದು ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಹಿಮಭವನದ ಒಳಗಾದರೋ ಉಷ್ಣತೆ ಸೊನ್ನೆಗಿಂತಲೂ ಕೆಳಗೆ. ಬೇಸಿಗೆಯ ಮಧ್ಯಾಹ್ನ ಅದರ ಬಾಗಿಲನ್ನು ದಾಟುವಾತನು ಒಂದೇ ಹೆಜ್ಜೆಯಲ್ಲಿ ನಲವತ್ತು ಡಿಗ್ರಿಗಳಷ್ಟು ಕೆಳಗಿಳಿದಂತಾಗುತ್ತದೆ.

ಮನುಷ್ಯನ ದೇಹದ ಒಳಗಿನ ಶಾಖ ಸುಮಾರು 37 ಡಿಗ್ರಿ. ಅದನ್ನು ಕಾಯ್ದುಕೊಳ್ಳಲು ದೇಹಕ್ಕೆ ಎರಡು ಮುಖ್ಯ ಉಪಾಯಗಳುಂಟು. ಮೊದಲನೆಯದು, ಚರ್ಮದ ರಕ್ತನಾಳಗಳ ಸಂಕುಚನ: ಬೆಚ್ಚನೆಯ ರಕ್ತ ಒಳಗಿನ ಅಂಗಗಳ ಕಡೆಗೆ ಸರಿಯುತ್ತದೆ, ಕೈಬೆರಳುಗಳು ತಣ್ಣಗಾಗುತ್ತವೆ. ಎರಡನೆಯದು ನಡುಕ: ಸ್ನಾಯುಗಳು ಅದುರಿ ಶಾಖವನ್ನು ಉತ್ಪಾದಿಸುತ್ತವೆ. ನಾಳಗಳು ಕುಗ್ಗಿದಾಗ ರಕ್ತದ ಒತ್ತಡ ಏರುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ. ಆರೋಗ್ಯವಂತನಿಗೆ ಇದು ಗಮನಕ್ಕೂ ಬಾರದು. ಹೃದ್ರೋಗಿಗೆ ಇದೇ ಹೊರೆಯಾಗಬಹುದು.

ಯಾರಿಗೆ ಎಚ್ಚರಿಕೆ ಬೇಕು?

ಊರಿನಿಂದ ಅಜ್ಜ ಅಜ್ಜಿಯರು ಬಂದಿರುವಾಗಲೇ ಇಂತಹ ವಿಹಾರಗಳು ಏರ್ಪಡುವುದು ಹೆಚ್ಚು. “ಎಲ್ಲರೂ ಹೋಗುವಾಗ ನೀವೊಬ್ಬರೇ ಹೊರಗೆ ಕೂಡುವುದೇ?” ಎಂದು ಮೊಮ್ಮಕ್ಕಳು ಕೈಹಿಡಿದೆಳೆಯುತ್ತಾರೆ. ಪ್ರೀತಿಗೆ ಕಟ್ಟುಬಿದ್ದು ಹಿರಿಯರು ಒಳಗೆ ಹೋಗುತ್ತಾರೆ. ಎದೆನೋವು ಬರುತ್ತಿರುವವರು, ಈಚೆಗೆ ಹೃದಯಾಘಾತವಾದವರು, ರಕ್ತದ ಒತ್ತಡ ಹತೋಟಿಯಲ್ಲಿಲ್ಲದವರು ವೈದ್ಯರನ್ನು ಕೇಳದೆ ಒಳಗೆ ಹೋಗತಕ್ಕದ್ದಲ್ಲ. ವಯಸ್ಸಾದಂತೆ ನಡುಗಿ ಶಾಖ ಪಡೆಯುವ ಶಕ್ತಿಯೂ, ಚಳಿಯ ಅರಿವೂ ಕುಂದುತ್ತವೆ. ಆದ್ದರಿಂದ “ನನಗೇನೂ ಚಳಿಯಿಲ್ಲ” ಎಂಬ ಹಿರಿಯರ ಮಾತನ್ನು ಪೂರ್ಣವಾಗಿ ನಂಬಲಾಗದು.

ಉಬ್ಬಸ ರೋಗಿಗಳಿಗೆ ತಂಪಾದ ಒಣಗಾಳಿಯೇ ಶತ್ರು. ಓಡಿಯಾಡಿ ಬಾಯಿಂದ ಉಸಿರೆಳೆದುಕೊಂಡಾಗ ಶ್ವಾಸನಾಳಗಳು ಕುಗ್ಗುತ್ತವೆ. ಉಬ್ಬಸವಿರುವ ಮಗುವಿನ ಇನ್‌ಹೇಲರ್ ತಾಯಿಯ ಕೈಚೀಲದಲ್ಲಿರಬೇಕೇ ಹೊರತು ಹೊರಗಿನ ಪೆಟ್ಟಿಗೆಯಲ್ಲಲ್ಲ. ಮಗುವಿನ ಮೂಗು ಬಾಯಿಗಳಿಗೆ ತೆಳುವಾದ ಬಟ್ಟೆ ಸುತ್ತಿದರೆ ಉಸಿರು ಸ್ವಲ್ಪ ಬೆಚ್ಚಗಾಗಿ ಒಳಗೆ ಹೋಗುತ್ತದೆ. ದೀರ್ಘಕಾಲದ ಸಿಹಿಮೂತ್ರ ರೋಗದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಬೆರಳು ಮರಗಟ್ಟಿದ್ದು ತಿಳಿಯದೆ ಹೋಗಬಹುದು. ಅವರು ಹೊರಬಂದ ಮೇಲೆ ಪಾದಗಳನ್ನು ಕಣ್ಣಾರೆ ಪರೀಕ್ಷಿಸಿಕೊಳ್ಳಬೇಕು.

ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದ್ದರಿಂದ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಎಳೆಯ ಕೂಸು ನಡುಗಲಾರದು, ಚಳಿಯೆಂದು ಹೇಳಲಾರದು. ಹಸುಗೂಸುಗಳನ್ನು ಒಳಗೆ ಒಯ್ಯದಿರುವುದೇ ಲೇಸು.

ಉಡುಪು ಮತ್ತು ಒದ್ದೆ

ಚಳಿಗಿಂತಲೂ ಒದ್ದೆ ಹೆಚ್ಚು ಅಪಾಯಕರ. ನಿಶ್ಚಲವಾದ ಗಾಳಿಗಿಂತ ನೀರು ಶಾಖವನ್ನು ಇಪ್ಪತ್ತು ಪಟ್ಟಿಗೂ ಮಿಕ್ಕು ವೇಗದಲ್ಲಿ ಸಾಗಿಸುತ್ತದೆ. ಹಿಮದಲ್ಲಿ ಆಡುವ ಮಗುವಿನ ಕೈಚೀಲ, ಕಾಲುಚೀಲಗಳು ಹತ್ತೇ ನಿಮಿಷಗಳಲ್ಲಿ ತೊಯ್ದುಹೋಗುತ್ತವೆ. ಹತ್ತಿಯ ಬಟ್ಟೆ ನೀರನ್ನು ಹೀರಿ ಹಿಡಿದಿಡುತ್ತದೆ; ಉಣ್ಣೆ ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ. ದಪ್ಪನೆಯ ಒಂದು ಉಡುಪಿಗಿಂತ ಒಂದರ ಮೇಲೊಂದು ತೊಟ್ಟ ಎರಡು ಮೂರು ಉಡುಪುಗಳು ಮೇಲು. ನಡುವೆ ನಿಂತ ಗಾಳಿಯೇ ಕಂಬಳಿಯ ಕೆಲಸ ಮಾಡುತ್ತದೆ. ಹಿಮಭವನಗಳಲ್ಲಿ ಕೋಟು, ಬೂಟುಗಳನ್ನು ಕೊಡುವುದುಂಟು. ಅವು ಹಲವರು ತೊಟ್ಟು ಬಿಟ್ಟವು. ಕಾಲುಚೀಲಗಳಾದರೂ ಮನೆಯವೇ ಆಗಿರಲಿ. ಒಣಗಿದ ಮತ್ತೊಂದು ಜೊತೆ ಉಡುಪೂ ಜೊತೆಗಿರಲಿ.

ಹಿಮದಲ್ಲಿ ಆಡಿದರೆ ನೆಗಡಿಯಾಗುತ್ತದೆಂಬುದು ಪೂರ್ಣಸತ್ಯವಲ್ಲ. ನೆಗಡಿಗೆ ಕಾರಣ ವೈರಸ್ಸು. ಮುಚ್ಚಿದ ಕೋಣೆಯಲ್ಲಿ ಜನ ಒತ್ತೊತ್ತಾಗಿ ಸೇರಿದಾಗ ಅದು ಸುಲಭವಾಗಿ ಹರಡುತ್ತದೆ. ಹಲವರ ಕಾಲ್ತುಳಿತಕ್ಕೆ ಸಿಕ್ಕ ಹಿಮವನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಉದಕಮಂಡಲದ ಇಬ್ಬನಿ

ಕೃತಕ ಹಿಮವನ್ನು ಒಲ್ಲದವರು ಉದಕಮಂಡಲವನ್ನು ನೆನೆಯುತ್ತಾರೆ. ಅಲ್ಲಿ ಕಾಣುವ ಬಿಳುಪು ಆಕಾಶದಿಂದ ಸುರಿದ ಹಿಮವಲ್ಲ. ಸುಮಾರು 2240 ಮೀಟರ್ ಎತ್ತರದ ಆ ಊರಿನಲ್ಲಿ, ಚಳಿಗಾಲದ ಮೋಡವಿಲ್ಲದ ರಾತ್ರಿಗಳಲ್ಲಿ ನೆಲವು ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಟ್ಟು ಸೊನ್ನೆಗಿಂತ ಕೆಳಗೆ ತಣಿಯುತ್ತದೆ. ಆಗ ಹುಲ್ಲಿನ ಮೇಲಿನ ತೇವವೇ ಹೆಪ್ಪುಗಟ್ಟುತ್ತದೆ. ತಮಿಳರು ಇದನ್ನು ‘ಉರೈಪನಿ’ ಎನ್ನುತ್ತಾರೆ. ನಮ್ಮ ‘ಇಬ್ಬನಿ’ಯೊಳಗೂ ಅದೇ ‘ಪನಿ’ ಅಡಗಿದೆ. ಬಿಸಿಲೇರಿದೊಡನೆ ಅದು ಕರಗುತ್ತದೆ. ಬಂಡೀಪುರದ ಹಾದಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಮೈಸೂರಿನ ನೆಂಟರ ಮನೆಯಿಂದ ಹೊರಟು ಸೂರ್ಯೋದಯಕ್ಕೆ ಅಲ್ಲಿ ಸೇರುವುದಾಗದು. ಹಿಂದಿನ ರಾತ್ರಿಯೇ ಉದಕಮಂಡಲದಲ್ಲಿ ತಂಗಬೇಕು.

ನಿಜವಾದ ಅಪಾಯ ಆ ರಾತ್ರಿಯಲ್ಲಿದೆ. ಚಳಿ ತಡೆಯಲಾರದೆ ಕೆಲವರು ಇದ್ದಿಲ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಕಿಟಕಿಗಳನ್ನು ಮುಚ್ಚಿಕೊಳ್ಳುತ್ತಾರೆ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕ ಸೇರಬೇಕಾದ ರಕ್ತದ ಕಣಗಳನ್ನು ಅದೇ ಆಕ್ರಮಿಸುತ್ತದೆ. ಮಲಗಿದವರು ಏಳದೆಯೇ ಹೋಗುವರು. ಬೆಟ್ಟದೂರುಗಳಲ್ಲಿ ಇಂತಹ ಸಾವುಗಳು ಸಂಭವಿಸಿವೆ. ಕೆಂಡವನ್ನು ಕೋಣೆಯೊಳಗೆ ಎಂದೂ ತರಕೂಡದು. ಮದ್ಯ ಕುಡಿದರೆ ಬೆಚ್ಚಗಾಗುತ್ತದೆಂಬುದೂ ಭ್ರಮೆ. ಅದು ಚರ್ಮದ ನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಅಪಾಯದ ಲಕ್ಷಣಗಳು

ತಡೆಯಿಲ್ಲದ ನಡುಕ, ತೊದಲುವ ಮಾತು, ತಡವರಿಸುವ ಹೆಜ್ಜೆ, ಮಂಪರು: ಇವು ದೇಹದ ಶಾಖ ಕುಸಿಯುತ್ತಿರುವ ಗುರುತುಗಳು. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಕೂಡಲೇ ಚಿಕಿತ್ಸೆ ಬೇಕು. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ಆಟ ಸಾಕಾಯಿತೆಂದು ತಿಳಿಯದೆ ಮುಟ್ಟಿ ನೋಡಬೇಕು. ಮೊದಲು ಬೆಚ್ಚನೆಯ ತಾವಿಗೆ ಕರೆತಂದು, ಒದ್ದೆಬಟ್ಟೆ ಬಿಚ್ಚಿ, ಒಣಬಟ್ಟೆ ಹೊದಿಸಿ, ಎಚ್ಚರವಾಗಿದ್ದರೆ ಸಿಹಿಯಾದ ಬಿಸಿ ಪಾನೀಯವನ್ನು ಕೊಡಬೇಕು. ಮರಗಟ್ಟಿದ ಬೆರಳುಗಳನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದರೆ ಸಾಕು. ಬಿಳುಪು ಹೋಗದಿದ್ದರೆ, ಎದೆನೋವು ಅಥವಾ ಏದುಸಿರು ಕಾಣಿಸಿದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಹಣ ಕೊಟ್ಟಾಗಿದೆಯೆಂದು ಅವಧಿ ಮುಗಿಯುವ ತನಕ ಒಳಗೇ ಇರಬೇಕೆಂಬ ಹಟ ಸಲ್ಲದು. ಕುಟುಂಬದ ಗಡಿಯಾರ ಅದರ ಅತ್ಯಂತ ದುರ್ಬಲ ಸದಸ್ಯನನ್ನು ನೋಡಿ ನಡೆಯತಕ್ಕದ್ದು. ಅಜ್ಜನು ಹೊರಗೆ ಕುಳಿತು ಬಿಸಿ ಕಾಫಿ ಸವಿಯುತ್ತ ಒಣಬಟ್ಟೆಗಳ ಗಂಟನ್ನು ಕಾಯುತ್ತಿದ್ದರೆ ಆತನೂ ವಿಹಾರದಲ್ಲಿ ಪಾಲುಗೊಂಡಂತೆಯೇ. ನಡುಗುತ್ತ ಹೊರಬರುವ ಮೊಮ್ಮಗುವಿಗೆ ಮೊದಲು ಬೇಕಾದುದು ಆ ಬೆಚ್ಚನೆಯ ಮಡಿಲೇ.