ಕೃತಕ ಮಂಡಿ

ಬಾಗಿಲನ್ನು ಚೌಕಟ್ಟಿಗೆ ಹಿಡಿದಿರುವ ಬಿಜಾಗರಿಯನ್ನು ನೀವು ಗಮನಿಸಿರಬಹುದು. ಅದರ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಬಾಗಿಲನ್ನು ಎಷ್ಟು ಬಾರಿ ತೆರೆದು ಮುಚ್ಚಿದರೂ ಅದು ಆ ಸರಳಿನ ಸುತ್ತಲೇ ತಿರುಗುತ್ತದೆ. ನಮ್ಮ ಮಂಡಿಯೂ ಮೇಲುನೋಟಕ್ಕೆ ಇಂಥದೇ ಒಂದು ಬಿಜಾಗರಿ. ಕಾಲು ಹಿಂದಕ್ಕೆ ಮಡಿಯುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಶರೀರವಿಜ್ಞಾನದ ಪ್ರಾರಂಭದ ಪಾಠಗಳಲ್ಲಿ ಮಂಡಿಯನ್ನು ಬಿಜಾಗರಿ ಕೀಲೆಂದೇ ಹೇಳುವುದುಂಟು. ಚಿಕ್ಕವರಿಗೆ ತಿಳಿಸಲು ಆ ಮಾತು ಸಾಕು. ಆದರೆ ಕೆಟ್ಟುಹೋದ ಮಂಡಿಯನ್ನು ತೆಗೆದು ಅಲ್ಲಿ ಬೇರೊಂದನ್ನು ಕೂಡಿಸಹೊರಟ ಶಸ್ತ್ರವೈದ್ಯರು ಅದೇ ಮಾತನ್ನು ನಂಬಿ ಬಹುಕಾಲ ಕಷ್ಟಪಟ್ಟರು. ಅವರಿಗಿಂತ ಹೆಚ್ಚು ಕಷ್ಟಪಟ್ಟವರು ಅವರ ರೋಗಿಗಳು.

ಮಂಡಿಯಲ್ಲಿ ಸೇರುವ ಮೂಳೆಗಳಲ್ಲಿ ಮುಖ್ಯವಾದವು ಎರಡು: ಮೇಲಿನಿಂದ ಇಳಿದುಬರುವ ತೊಡೆಯೆಲುಬು, ಕೆಳಗಿನಿಂದ ಅದನ್ನು ಹೊರುವ ಕಣಕಾಲ ಮೂಳೆ. ಇವೆರಡರ ಮುಂಭಾಗದಲ್ಲಿ ಮಂಡಿಚಿಪ್ಪು ಇದೆ. ತೊಡೆಯೆಲುಬಿನ ಕೆಳತುದಿಯಲ್ಲಿ ಎರಡು ದುಂಡನೆಯ ಉಬ್ಬುಗಳಿವೆ. ಕಣಕಾಲ ಮೂಳೆಯ ನೆತ್ತಿಯಾದರೋ ಬಹುಮಟ್ಟಿಗೆ ಚಪ್ಪಟೆಯಾದುದು. ಚಪ್ಪಟೆ ನೆಲದ ಮೇಲೆ ಎರಡು ಗಾಲಿಗಳನ್ನು ನಿಲ್ಲಿಸಿದಂತಿರುವ ಈ ರಚನೆ ಜಾರಿಬೀಳದಿರಲು ಕಾರಣ ಅಸ್ಥಿರಜ್ಜುಗಳು. ಎರಡು ಪಕ್ಕಗಳಲ್ಲಿ ಒಂದೊಂದು ರಜ್ಜು ಮೂಳೆಗಳನ್ನು ಬಿಗಿದಿದೆ. ಕೀಲಿನ ಒಳಗೆ ಮತ್ತೆರಡು ರಜ್ಜುಗಳು ಒಂದನ್ನೊಂದು ಅಡ್ಡಹಾಯ್ದಿವೆ. ಕಾಲು ಮಡಿಯುವಾಗ ಮೇಲಿನ ಉಬ್ಬುಗಳು ಗಾಲಿಯಂತೆ ಉರುಳುತ್ತವೆ, ಜೊತೆಗೆ ಜಾರುತ್ತವೆ. ಉಬ್ಬಿನ ದುಂಡುತನವೂ ಎಲ್ಲ ಕಡೆ ಒಂದೇ ಸಮವಲ್ಲ. ಮುಂಭಾಗದಲ್ಲಿ ದೊಡ್ಡ ವೃತ್ತ, ಹಿಂಭಾಗದಲ್ಲಿ ಚಿಕ್ಕ ವೃತ್ತ. ಕಾಲನ್ನು ಪೂರ್ತಿ ನೆಟ್ಟಗೆ ಮಾಡಿದಾಗ ಕೆಳಗಾಲು ತುಸು ಹೊರಕ್ಕೆ ತಿರುಗಿ ಬಿಗಿಯಾಗಿ ನಿಲ್ಲುತ್ತದೆ. ಹೀಗಿರುವಾಗ ಮಂಡಿಯಲ್ಲಿ ಬಿಜಾಗರಿಯ ಸರಳಿನಂಥ ಒಂದೇ ಅಕ್ಷವನ್ನು ಹುಡುಕುವುದು ವ್ಯರ್ಥ. ಕಾಲು ಮಡಿಯುತ್ತ ಹೋದಂತೆ ಅಕ್ಷವೂ ಸ್ಥಳ ಬದಲಿಸುತ್ತ ಹೋಗುತ್ತದೆ.

ಮೂಳೆಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ಸಮನೆಲದ ಮೇಲೆ ನಡೆಯುವಾಗಲೇ ದೇಹದ ತೂಕದ ಎರಡು ಮೂರು ಪಟ್ಟು ಭಾರ ಈ ಹೊದಿಕೆಯ ಮೇಲೆ ಬೀಳುತ್ತದೆ. ಮುಪ್ಪಿನಿಂದಲೋ ಸಂಧಿವಾತದಿಂದಲೋ ಅದು ಸವೆದುಹೋದರೆ ಮೂಳೆ ಮೂಳೆಯನ್ನೇ ಉಜ್ಜತೊಡಗುತ್ತದೆ. ಗೋಡೆ ಹಿಡಿದು ಏಳುವ, ಎರಡು ಮೆಟ್ಟಿಲು ಹತ್ತಿ ನಿಂತುಬಿಡುವ ಹಿರಿಯರು ಯಾರ ಮನೆಯಲ್ಲಿಲ್ಲ?

ಮಂಡಿಯನ್ನೇ ಬದಲಾಯಿಸುವ ಸಾಹಸಕ್ಕೆ ಮೊದಲು ಕೈಹಾಕಿದವನು ಥೆಮಿಸ್ಟೊಕ್ಲಿಸ್ ಗ್ಲುಕ್. ೧೮೯೦ರಲ್ಲಿ ಬರ್ಲಿನ್ ನಗರದಲ್ಲಿ, ಕ್ಷಯದಿಂದ ಹಾಳಾಗಿದ್ದ ಮಂಡಿಯೊಂದನ್ನು ತೆಗೆದು, ಆನೆಯ ದಂತದಿಂದ ಕಡೆದ ಬಿಜಾಗರಿಯೊಂದನ್ನು ಅಲ್ಲಿ ಕೂಡಿಸಿದನು. ಅದನ್ನು ಮೂಳೆಗೆ ಭದ್ರಪಡಿಸಲು ರಾಳ, ಪ್ಯೂಮಿಸ್ ಕಲ್ಲಿನ ಪುಡಿ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿದ ಒಂದು ಗಾರೆಯನ್ನೂ ಬಳಸಿದನು. ಮೊದಮೊದಲು ಫಲ ಆಶಾದಾಯಕವಾಗಿಯೇ ಕಂಡಿತು. ಆದರೆ ಅವನು ಆರಿಸಿಕೊಂಡವು ರೋಗಾಣುಗಳಿಂದ ತುಂಬಿದ ಕೀಲುಗಳು. ಆ ಕಾಲಕ್ಕೆ ಕ್ಷಯಕ್ಕೆ ಔಷಧವಿರಲಿಲ್ಲ. ಸೋಂಕು ಮರುಕಳಿಸಿತು, ಕೀಲುಗಳನ್ನು ತೆಗೆಯಬೇಕಾಯಿತು. ಜರ್ಮನಿಯ ಪ್ರಸಿದ್ಧ ಶಸ್ತ್ರವೈದ್ಯನಾಗಿದ್ದ ಬೆರ್ಗ್‌ಮನ್ ಈ ಕೆಲಸವನ್ನು ಬಲವಾಗಿ ವಿರೋಧಿಸಿದನು. ಗ್ಲುಕ್ ತನ್ನ ಪ್ರಯತ್ನವನ್ನು ಕೈಬಿಟ್ಟನು. ಕೃತಕ ಕೀಲು ಇರಬೇಕು, ಅದನ್ನು ಮೂಳೆಗೆ ಅಂಟಿಸಬೇಕು ಎಂಬ ಎರಡು ಆಲೋಚನೆಗಳಲ್ಲಿಯೂ ಅವನದು ಸರಿಯಾದ ದಾರಿಯೇ ಆಗಿತ್ತೆಂದು ಇಂದು ನಾವು ಹೇಳಬಲ್ಲೆವು. ಅವನ ಕಾಲಕ್ಕೆ ಅದನ್ನು ಹೇಳುವವರು ಇರಲಿಲ್ಲ.

ಅರುವತ್ತು ವರ್ಷಗಳ ತರುವಾಯ, ೧೯೫೧ರಲ್ಲಿ, ಸ್ವೀಡನ್ ದೇಶದ ವಾಲ್ಡಿಯಸ್ ಎಂಬ ವೈದ್ಯನು ಮತ್ತೆ ಬಿಜಾಗರಿಯನ್ನು ಕೈಗೆತ್ತಿಕೊಂಡನು. ಅವನ ಮೊದಲ ಕೀಲು ಅಕ್ರಿಲಿಕ್‌ನದು. ಬಳಿಕ ಅದನ್ನು ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದಲ್ಲಿ ತಯಾರಿಸಿದನು. ಲೋಹ ಗಟ್ಟಿಯಾಗಿತ್ತು, ಮುರಿಯಲಿಲ್ಲ. ದೋಷವಿದ್ದುದು ಬೇರೆ ಕಡೆ. ಮಂಡಿ ತುಸು ತಿರುಗಲು ಬಯಸುತ್ತದೆ, ಬಿಜಾಗರಿ ಬಿಡುವುದಿಲ್ಲ. ತಿರುಚುವ ಆ ಬಲ ಎಲ್ಲಿಗೆ ಹೋಗಬೇಕು? ಲೋಹದ ಉದ್ದನೆಯ ಕಾಂಡ ಮೂಳೆಯೊಳಗೆ ಸೇರಿರುವ ಜಾಗಕ್ಕೆ ಹೋಗುತ್ತದೆ. ಹೆಜ್ಜೆ ಹೆಜ್ಜೆಗೂ ಆ ಜಾಗ ಅಲುಗಿ, ಗೂಟವನ್ನು ದಿನವೂ ಅಲ್ಲಾಡಿಸಿದರೆ ನೆಲ ಸಡಿಲವಾಗುವಂತೆ, ಮೂಳೆ ಸಡಿಲವಾಯಿತು.

ಇಲ್ಲಿ ಮಂಡಿಯನ್ನು ಬಿಟ್ಟು ಸ್ವಲ್ಪ ಹೊತ್ತು ಸೊಂಟದ ಕೀಲಿನ ಕಡೆಗೆ ತಿರುಗಬೇಕಾಗಿದೆ. ಮಂಡಿಗೆ ಬೇಕಾದ ವಸ್ತು ಸಿಕ್ಕಿದ್ದು ಅಲ್ಲಿ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯನು ಸೊಂಟದ ಕೀಲಿಗೆ ಲೋಹದ ಗುಂಡು, ಟೆಫ್ಲಾನ್ ಬಟ್ಟಲು ಇವುಗಳನ್ನು ಬಳಸುತ್ತಿದ್ದನು. ಸುಮಾರು ಮುನ್ನೂರು ರೋಗಿಗಳಿಗೆ ಟೆಫ್ಲಾನ್ ಬಟ್ಟಲು ಕೂಡಿಸಿದ ಮೇಲೆ ಅದು ಬೇಗನೆ ಸವೆಯುತ್ತದೆಂದು ತಿಳಿದುಬಂತು. ೧೯೬೨ರಲ್ಲಿ ಒಬ್ಬ ವ್ಯಾಪಾರಿ ಆಸ್ಪತ್ರೆಯ ಕಾರ್ಯಾಗಾರಕ್ಕೆ ಬಂದನು. ಲ್ಯಾಂಕಾಶೈರಿನ ಮಗ್ಗಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಒಂದು ಬಗೆಯ ಪಾಲಿಎಥಿಲೀನ್ ಅವನ ಕೈಯಲ್ಲಿತ್ತು. ಚಾರ್ನ್‌ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ, ಮೆತ್ತಗಿದೆಯೆಂದು ತಳ್ಳಿಹಾಕಿದನು. ಕಾರ್ಯಾಗಾರದ ಕುಶಲಕರ್ಮಿ ಹ್ಯಾರಿ ಕ್ರೇವನ್ ಮಾತ್ರ, ಚಾರ್ನ್‌ಲಿ ಊರಿನಲ್ಲಿ ಇಲ್ಲದಾಗ, ಅದನ್ನು ಸವೆತ ಅಳೆಯುವ ಯಂತ್ರಕ್ಕೆ ಹಾಕಿಬಿಟ್ಟನು. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಇದು ಮೂರು ವಾರಗಳಲ್ಲಿಯೂ ಸವೆದಿರಲಿಲ್ಲ! ಚಾರ್ನ್‌ಲಿ ಎರಡೂ ವಸ್ತುಗಳ ಚೂರುಗಳನ್ನು ತನ್ನ ತೊಡೆಯೊಳಗೇ ಸೇರಿಸಿಕೊಂಡು ತಿಂಗಳುಗಟ್ಟಲೆ ಪರೀಕ್ಷಿಸಿದನು. ಟೆಫ್ಲಾನ್ ಇದ್ದ ಕಡೆ ಗಂಟು ಎದ್ದಿತು. ಪಾಲಿಎಥಿಲೀನ್ ಇದ್ದ ಕಡೆ ಏನೂ ಆಗಲಿಲ್ಲ. ಲೋಹವು ಪಾಲಿಎಥಿಲೀನಿನ ಮೇಲೆ ಜಾರುವುದು, ಎರಡನ್ನೂ ಅಕ್ರಿಲಿಕ್ ಸಿಮೆಂಟಿನಿಂದ ಮೂಳೆಗೆ ಕೂಡಿಸುವುದು—ಈ ಪದ್ಧತಿ ಅಲ್ಲಿಂದ ನೆಲೆಗೊಂಡಿತು.

ಅದೇ ಆಸ್ಪತ್ರೆಗೆ ಕೆನಡಾದಿಂದ ಫ್ರಾಂಕ್ ಗನ್‌ಸ್ಟನ್ ಕಲಿಯಲು ಬಂದನು. ವೈದ್ಯನಾಗುವ ಮೊದಲು ಎಂಜಿನಿಯರಿಂಗ್ ಓದಿದ್ದ ಇವನು ಮಂಡಿಯ ಅಕ್ಷ ಸ್ಥಳ ಬದಲಿಸುವುದನ್ನು ಗಮನವಿಟ್ಟು ನೋಡಿದನು. ಮಂಡಿಯನ್ನು ಪೂರ್ತಿ ಕತ್ತರಿಸಿ ತೆಗೆಯುವುದೇಕೆ? ಸವೆದುದು ಮೂಳೆಯ ಮೈ ಮಾತ್ರ. ರಜ್ಜುಗಳು ಇನ್ನೂ ಗಟ್ಟಿಯಾಗಿವೆ. ತೊಡೆಯೆಲುಬಿನ ಎರಡು ಉಬ್ಬುಗಳಿಗೆ ಅರ್ಧವೃತ್ತಾಕಾರದ ಲೋಹದ ಪಟ್ಟಿಗಳನ್ನೂ ಕೆಳಗಿನ ಮೂಳೆಗೆ ಪಾಲಿಎಥಿಲೀನಿನ ಎರಡು ಹಳಿಗಳನ್ನೂ ಅಳವಡಿಸಿ, ಕೀಲನ್ನು ಹಿಡಿದಿಡುವ ಕೆಲಸವನ್ನು ರೋಗಿಯ ಸ್ವಂತ ರಜ್ಜುಗಳಿಗೇ ಬಿಟ್ಟನು. ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಸರಳೇ ಇರಲಿಲ್ಲ. ೧೯೬೮ರಲ್ಲಿ ಇದನ್ನು ಮೊದಲು ಬಳಸಿ, ೧೯೭೧ರಲ್ಲಿ ವರದಿಯನ್ನು ಪ್ರಕಟಿಸಿದನು. ಇದಕ್ಕಾಗಿ ಅವನು ಪೇಟೆಂಟ್ ಪಡೆಯಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ಈ ಬೀಜದಿಂದ ಬೆಳೆದ ಗಿಡ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ೧೯೭೪ರಲ್ಲಿ ಕಾಣಿಸಿಕೊಂಡಿತು. ಅದನ್ನು ರೂಪಿಸಿದವರು ಇನ್ಸಾಲ್, ರಾಣಾವತ್ ಮತ್ತು ವಾಕರ್. ಇವರಲ್ಲಿ ಚಿತ್ತರಂಜನ್ ರಾಣಾವತ್ ಅವರು ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದ ಭಾರತೀಯರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎರಡು ಮಂಡಿಗಳಿಗೆ ೨೦೦೦ ಮತ್ತು ೨೦೦೧ರಲ್ಲಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ. ಇವರ ಮಂಡಿಯಲ್ಲಿ ತೊಡೆಯೆಲುಬಿನ ತುದಿಗೆ ಲೋಹದ ಒಂದೇ ಟೊಪ್ಪಿಗೆ, ಕಣಕಾಲ ಮೂಳೆಯ ನೆತ್ತಿಗೆ ಪಾಲಿಎಥಿಲೀನಿನ ತಟ್ಟೆ, ಮಂಡಿಚಿಪ್ಪಿನ ಹಿಂಬದಿಗೆ ಒಂದು ಬಿಲ್ಲೆ. ಇಂದು ಬಳಕೆಯಲ್ಲಿರುವ ಬಹುತೇಕ ಮಂಡಿಗಳು ಇದರ ಸಂತತಿಯೇ.

ಸಂತತಿ ಒಂದಾದರೂ ಕವಲುಗಳು ಹಲವು. ಒಳಗಿನ ಎರಡು ರಜ್ಜುಗಳಲ್ಲಿ ಹಿಂದಿನದು ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಳ್ಳುವ ಮಂಡಿ ಒಂದು ಬಗೆ. ಅದನ್ನು ತೆಗೆದುಹಾಕಿ, ಅದರ ಕೆಲಸವನ್ನು ಕೃತಕ ಅಂಗಕ್ಕೇ ವಹಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ತಟ್ಟೆಯ ನಡುವೆ ಒಂದು ಗಿಡ್ಡ ಕಂಬವಿರುತ್ತದೆ. ಕಾಲು ಮಡಿದಾಗ ಲೋಹದ ಟೊಪ್ಪಿಗೆಯಲ್ಲಿರುವ ಅಡ್ಡಪಟ್ಟಿಯು ಆ ಕಂಬಕ್ಕೆ ತಾಗಿ, ತೊಡೆಯೆಲುಬು ಮುಂದಕ್ಕೆ ಜಾರದಂತೆ ತಡೆಯುತ್ತದೆ. ಇನ್ಸಾಲ್ ಮತ್ತು ಬರ್‌ಸ್ಟೀನ್ ೧೯೭೮ರಲ್ಲಿ ಇದನ್ನು ಬಳಕೆಗೆ ತಂದರು. ಯಾವುದು ಮೇಲೆಂಬ ವಾದ ಇನ್ನೂ ಮುಗಿದಿಲ್ಲ. ಎರಡೂ ಚೆನ್ನಾಗಿಯೇ ನಡೆಯುತ್ತಿವೆ. ಮತ್ತೊಂದು ಬಗೆಯಲ್ಲಿ ಪಾಲಿಎಥಿಲೀನ್ ತಟ್ಟೆಯನ್ನು ಭದ್ರಪಡಿಸದೆ, ಕೆಳಗಿನ ಲೋಹದ ಮೇಲೆ ತುಸು ಸರಿಯಲು ಅಥವಾ ತಿರುಗಲು ಬಿಡುತ್ತಾರೆ. ಮಂಡಿಯ ಒಂದು ಪಕ್ಕ ಮಾತ್ರ ಸವೆದಿದ್ದರೆ ಆ ಪಕ್ಕವನ್ನಷ್ಟೆ ಬದಲಾಯಿಸುವುದೂ ಉಂಟು. ಆಗ ಗಾಯ ಚಿಕ್ಕದು, ರಜ್ಜುಗಳೆಲ್ಲ ಉಳಿಯುತ್ತವೆ. ಆದರೆ ೨೦೧೯ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು ೮೨ ಇಪ್ಪತ್ತೈದು ವರ್ಷ ಬಾಳಿದರೆ, ಅರ್ಧ ಬದಲಾಯಿಸಿದವುಗಳಲ್ಲಿ ಸುಮಾರು ೭೦ ಬಾಳುತ್ತವೆ.

ಲೋಹದ ಭಾಗಗಳಿಗೆ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹವೇ ಹೆಚ್ಚು ರೂಢಿ. ಟೈಟಾನಿಯಂ ಮೂಳೆಯೊಡನೆ ಹೊಂದಿಕೊಳ್ಳುತ್ತದೆ. ಆದರೆ ಉಜ್ಜಾಟಕ್ಕೆ ಬೇಗ ಗೀರುಬೀಳುವುದರಿಂದ ಜಾರುವ ಭಾಗಕ್ಕೆ ತಕ್ಕುದಲ್ಲ. ಕೆಲವು ಮಂಡಿಗಳಲ್ಲಿ ಸಿಮೆಂಟ್ ಇಲ್ಲ. ಲೋಹದ ರಂಧ್ರಮಯವಾದ ಮೈಯೊಳಕ್ಕೆ ಮೂಳೆಯೇ ಬೆಳೆದು ಹಿಡಿದುಕೊಳ್ಳುತ್ತದೆ. ಪಾಲಿಎಥಿಲೀನ್ ಮಾತ್ರ ಈಗಲೂ ದುರ್ಬಲ ಜಾಗವೇ. ಅದು ಸವೆದಾಗ ಉದುರುವ ಕಣ್ಣಿಗೆ ಕಾಣದ ಪುಡಿಯನ್ನು ನುಂಗಿದ ಜೀವಕೋಶಗಳು ಕೆರಳಿ, ಸುತ್ತಲಿನ ಮೂಳೆ ಕರಗಲು ಕಾರಣವಾಗುತ್ತವೆ. ಬೆಲೆಯ ವಿಷಯ ಹೇಳುವುದಾದರೆ, ೨೦೧೭ರ ಆಗಸ್ಟ್ ತಿಂಗಳಲ್ಲಿ ಭಾರತ ಸರ್ಕಾರವು ಕೋಬಾಲ್ಟ್–ಕ್ರೋಮಿಯಂ ಮಂಡಿಗೆ ೫೪,೭೨೦ ರೂಪಾಯಿ, ಟೈಟಾನಿಯಂ ಮುಂತಾದುವಕ್ಕೆ ೭೬,೬೦೦ ರೂಪಾಯಿ ಎಂದು ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಅದಕ್ಕೆ ಮೊದಲು ರೋಗಿಗಳು ಇದರ ಎರಡು ಮೂರು ಪಟ್ಟು ಹಣ ತೆರುತ್ತಿದ್ದರು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಕುರ್ಚಿಯಿಂದ ಏಳಲು ಮಂಡಿ ತೊಂಬತ್ತು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಡಿದರೆ ಸಾಕು. ಕುಕ್ಕರುಗಾಲಿನಲ್ಲಿ ಕೂರಲು ನೂರ ಮೂವತ್ತು ಡಿಗ್ರಿಗಿಂತಲೂ ಹೆಚ್ಚು ಬೇಕು. ಹೆಚ್ಚು ಮಡಿಯಲೆಂದೇ ರೂಪಿಸಿದ ಮಂಡಿಗಳು ಬಂದಿವೆಯಾದರೂ, ಹೋಲಿಸಿ ನೋಡಿದವರಿಗೆ ಸಾಮಾನ್ಯ ಮಂಡಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬಂದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಕಾಲು ಎಷ್ಟು ಮಡಿಯುತ್ತಿತ್ತೆಂಬುದೇ ಬಹುಮಟ್ಟಿಗೆ ಮುಂದಿನದನ್ನು ನಿರ್ಧರಿಸುತ್ತದೆ.

ಹಾಗಾದರೆ ಬಿಜಾಗರಿ ಪೂರ್ತಿ ಮರೆಯಾಯಿತೆ? ಇಲ್ಲ. ರಜ್ಜುಗಳೇ ಉಳಿಯದ ಮಂಡಿಗೆ ಇಂದಿಗೂ ಅದೇ ಗತಿ. ಆದರೆ ಈಗಿನ ಬಿಜಾಗರಿ ಮಡಿಯುವುದರ ಜೊತೆಗೆ ತಿರುಗಲೂ ಬಲ್ಲದು. ವಾಲ್ಡಿಯಸನ ಕೀಲನ್ನು ಸಡಿಲಗೊಳಿಸಿದ ಬಲ ಇಲ್ಲಿ ಮೂಳೆಗೆ ಅಷ್ಟಾಗಿ ತಲಪುವುದಿಲ್ಲ. ಮಂಡಿಯ ಹತ್ತಿರದ ಮೂಳೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ನಿಮ್ಮ ವಯಸ್ಸಿನ ಹುಡುಗ ಹುಡುಗಿಯರಲ್ಲಿಯೇ ಹೆಚ್ಚು. ಹಿಂದೆ ಅದಕ್ಕೆ ಕಾಲನ್ನೇ ಕತ್ತರಿಸುತ್ತಿದ್ದರು. ಈಗ ಅನೇಕರಲ್ಲಿ ರೋಗ ಹಿಡಿದ ಮೂಳೆಯನ್ನಷ್ಟೆ ತೆಗೆದು, ಲೋಹದ ಮೂಳೆಯನ್ನೂ ತಿರುಗುವ ಬಿಜಾಗರಿಯನ್ನೂ ಕೂಡಿಸಿ ಕಾಲನ್ನು ಉಳಿಸುತ್ತಾರೆ. ಮಗು ಬೆಳೆಯುತ್ತದೆ, ಲೋಹ ಬೆಳೆಯುವುದಿಲ್ಲವಲ್ಲ? ಅದಕ್ಕೂ ಲಂಡನ್ ಸಮೀಪದ ಸ್ಟ್ಯಾನ್‌ಮೋರ್‌ನಲ್ಲಿ ಉಪಾಯ ಕಂಡುಹಿಡಿದರು. ಲೋಹದ ಮೂಳೆಯೊಳಗೆ ಒಂದು ಕಾಂತ ಮತ್ತು ಹಲ್ಲುಚಕ್ರಗಳಿರುತ್ತವೆ. ಕಾಲನ್ನು ವಿದ್ಯುತ್ ಸುರುಳಿಯೊಂದರ ನಡುವೆ ಇರಿಸಿದರೆ ಒಳಗಿನ ಕಾಂತ ತಿರುಗಿ, ಇಪ್ಪತ್ತು ನಿಮಿಷಗಳಲ್ಲಿ ಮೂಳೆ ನಾಲ್ಕೈದು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಇದಕ್ಕೆ ಚಾಕು ಬೇಡ, ಪ್ರಜ್ಞೆ ತಪ್ಪಿಸುವುದೂ ಬೇಡ. ಮಗು ಎಚ್ಚರವಾಗಿಯೇ ಕುಳಿತಿದ್ದು, ಮುಗಿದ ಮೇಲೆ ನಡೆದುಕೊಂಡು ಮನೆಗೆ ಹೋಗುತ್ತದೆ.